ನೋ ಶಟ್‌ಡೌನ್: ರೂಟರ್‌ಗೆ ಸ್ವಂತ ಬುದ್ಧಿ ಬಂದ ಕಥೆ

ಮೊನ್ನೆ ಭಾನುವಾರ ಅಟ್ಟ ಕ್ಲೀನ್ ಮಾಡ್ತಾ ಇದ್ದಾಗ 2007ನೇ ಇಸವಿಯ ಡೈರಿ ಸಿಕ್ಕಿತು. ಜುಲೈ ತಿಂಗಳ ಪುಟಗಳ ಮಧ್ಯೆ ಮೆಜೆಸ್ಟಿಕ್‌ನಿಂದ ಹುಬ್ಬಳ್ಳಿಗೆ ಹೋಗಿದ್ದ ರಾಜಹಂಸ ಬಸ್ಸಿನ ಟಿಕೆಟ್ಟು, ಅಕ್ಷರ ಎಲ್ಲಾ ಮಾಸಿಹೋಗಿದೆ. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ನಾನೇ ಬರೆದುಕೊಂಡಿದ್ದ ಎರಡು ಪದ: "ನೋ ಶಟ್‌ಡೌನ್".

ನೆಟ್‌ವರ್ಕ್ ಕೆಲಸ ಮಾಡಿದವರಿಗೆ ಇದೇನು ಅಂತ ಹೇಳಬೇಕಿಲ್ಲ. ಉಳಿದವರಿಗೆ ಹೇಳ್ತೀನಿ. ರೂಟರ್ ಅನ್ನೋ ಪೆಟ್ಟಿಗೆಯಲ್ಲಿ ಬಂದ್ ಮಾಡಿಟ್ಟ ಬಾಗಿಲನ್ನು ಮತ್ತೆ ತೆರೆಯೋ ಕಮಾಂಡ್ ಅದು. ಈ ಎರಡು ಪದ ಟೈಪ್ ಮಾಡೋದಕ್ಕೆ ನಾನು ಇಡೀ ರಾತ್ರಿ ಬಸ್ಸಿನಲ್ಲಿ ಕೂತು ನಾನೂರು ಕಿಲೋಮೀಟರ್ ಹೋಗಿದ್ದೆ. ಬಾಗಿಲು ಬಂದ್ ಮಾಡಿದ್ದು ಯಾರು ಅಂತೀರಾ? ನಾನೇ ಬರೆದಿಟ್ಟಿದ್ದ ಆರೇಳು ಸಾಲು.

ಆಗ ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ನೈಟ್ ಶಿಫ್ಟ್‌ನಲ್ಲಿ ಕೂತು ಊರೂರಿನ ಶಾಖೆಗಳ ಲೈನುಗಳನ್ನು ನೋಡಿಕೊಳ್ತಿದ್ದೆ. ಹುಬ್ಬಳ್ಳಿಯ ಗೋದಾಮಿಗೆ ಒಂದು ಲೀಸ್ಡ್ ಲೈನ್, ಅದು ಕೈಕೊಟ್ಟರೆ ಇರಲಿ ಅಂತ ಒಂದು ಐಎಸ್‌ಡಿಎನ್. ಮಳೆಗಾಲ ಶುರುವಾದರೆ ಸಾಕು, ಲೀಸ್ಡ್ ಲೈನು ನಿಮಿಷಕ್ಕೆ ಐದು ಸಲ ಬಿದ್ದು ಐದು ಸಲ ಏಳುತ್ತಿತ್ತು. ಪೂರ್ತಿ ಸತ್ತರೆ ಐಎಸ್‌ಡಿಎನ್ ಎತ್ತಿಕೊಳ್ಳುತ್ತೆ. ಹೀಗೆ ಬಿದ್ದು ಎದ್ದು ಮಾಡಿದರೆ ಅದೂ ಇಲ್ಲ, ಇದೂ ಇಲ್ಲ. ಅದಕ್ಕೇ ಒಂದು ಉಪಾಯ ಮಾಡಿದೆ. "ಒಂದು ನಿಮಿಷದೊಳಗೆ ಐದು ಸಲ ಲೈನು ಬಿತ್ತು ಅನ್ನೋ ಸಂದೇಶ ಬಂದರೆ, ಆ ಬಾಗಿಲನ್ನು ನೀನೇ ಬಂದ್ ಮಾಡು, ಐಎಸ್‌ಡಿಎನ್ ಮೇಲೆ ನೆಮ್ಮದಿಯಾಗಿ ನಡೆಸು" ಅಂತ ರೂಟರ್‌ಗೇ ಹೇಳಿಕೊಟ್ಟೆ. ಅಷ್ಟಕ್ಕೇ ಬಿಡಲಿಲ್ಲ. ಕರೆಂಟು ಹೋಗಿ ಬಂದರೆ ಈ ಬದಲಾವಣೆ ಅಳಿಸಿಹೋಗಬಾರದಲ್ಲ ಅಂತ ಕೊನೆಗೆ "ರೈಟ್ ಮೆಮೊರಿ" ಅನ್ನೋ ಸಾಲೊಂದನ್ನೂ ಸೇರಿಸಿದೆ. ಅತಿಬುದ್ಧಿವಂತಿಕೆ!

ಒಂದು ರಾತ್ರಿ ಮಳೆ ಬಂತು, ಲೈನು ಕುಣಿಯಿತು, ರೂಟರ್ ಹೇಳಿದ ಹಾಗೆ ಬಾಗಿಲು ಮುಚ್ಚಿತು. ಸ್ಕ್ರೀನ್ ನೋಡಿ ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಬೆಳಗಿನ ಜಾವ ಅಲ್ಲಿಯ ಐಎಸ್‌ಡಿಎನ್ ಕೂಡ ಸತ್ತಿತು. ಅಷ್ಟರಲ್ಲಿ ಮಳೆ ನಿಂತು ಲೀಸ್ಡ್ ಲೈನು ಸರಿಯಾಗಿತ್ತು. ಆದರೆ ಬಾಗಿಲು ಒಳಗಿನಿಂದ ಚಿಲಕ ಹಾಕಿದೆಯಲ್ಲ, ಹೊರಗಿನಿಂದ ನಾನು ಏನು ಮಾಡಲಿ? ಗೋದಾಮಿನ ವಾಚ್‌ಮನ್‌ಗೆ ಫೋನ್ ಮಾಡಿ ರೂಟರ್ ಆಫ್ ಮಾಡಿ ಆನ್ ಮಾಡಪ್ಪ ಅಂದೆ. "ಎರಡ ಸಲ ಆರ್ಸಿ ಹಚ್ಚೇನ್ರಿ ಸರ, ದೀಪ ಎಲ್ಲಾ ಹತ್ತ್ಯಾವ, ಆದ್ರ ಮುಂದ ಏನೂ ಬರವಲ್ದ್ರೀ" ಅಂದ. ಬರೋದಾದರೂ ಹೇಗೆ? ಮೆಮೊರಿಗೆ ಬರೆದಿಟ್ಟಿದ್ದೇನಲ್ಲ! ಕನ್ಸೋಲ್ ಕೇಬಲ್ ಹಾಕಿ ಒಳಗೆ ಹೋಗಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಹಿಂದೆ ಡಯಲ್ ಮಾಡಿ ಒಳಗೆ ಹೋಗೋದಕ್ಕೆ ಒಂದು ಮೋಡೆಮ್ ಇತ್ತು, ಅದರ ಫೋನ್ ಲೈನನ್ನು ಖರ್ಚು ಉಳಿಸೋದಕ್ಕೆ ತೆಗೆಸಿದ್ದರು.

ಮರುದಿನ ಬೆಳಿಗ್ಗೆ ನಾನು ಹುಬ್ಬಳ್ಳಿ ತಲುಪಿದಾಗ ಗೋದಾಮಿನ ಮುಂದೆ ಹನ್ನೊಂದು ಲಾರಿ ನಿಂತಿದ್ದವು. ಬಿಲ್ ಬರದೆ ಹೊರಡೋ ಹಾಗಿಲ್ಲ. ಡ್ರೈವರುಗಳು ಲಾರಿ ಕೆಳಗೇ ಸ್ಟವ್ ಹಚ್ಚಿಕೊಂಡು ಅನ್ನ ಮಾಡ್ತಾ ಇದ್ದರು. ನಾನು ಒಳಗೆ ಹೋಗಿ ಎರಡು ಪದ ಟೈಪ್ ಮಾಡಿ ಹೊರಗೆ ಬಂದೆ. ಅವರ ಮುಖ ನೋಡೋ ಧೈರ್ಯ ಆಗಲಿಲ್ಲ.

ಅವತ್ತಿನಿಂದ ನನಗೊಂದು ಗೀಳು ಹತ್ತಿಕೊಂಡಿತು. ತನ್ನಲ್ಲಿ ಏನಾಗ್ತಿದೆ ಅಂತ ತಾನೇ ನೋಡಿಕೊಂಡು, ತಾನೇ ನಿರ್ಧಾರ ಮಾಡೋ ಬುದ್ಧಿಯನ್ನು ಈ ಪೆಟ್ಟಿಗೆಗೆ ಮೊದಲು ಕೊಟ್ಟವರು ಯಾರು? ನನ್ನ ಹಾಗೆ ಎಡವಿದವರು ಎಷ್ಟು ಜನ? ಹುಡುಕುತ್ತಾ ಹೋದರೆ ಕಥೆ ಇಂಟರ್ನೆಟ್ಟಿನ ಬುಡಕ್ಕೇ ಹೋಗಿ ನಿಂತಿತು.

*

1969ರ ಆಗಸ್ಟ್ ಕೊನೆಗೆ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಫ್ರಿಜ್ಜಿನಷ್ಟು ದೊಡ್ಡ ಉಕ್ಕಿನ ಪೆಟ್ಟಿಗೆಯೊಂದು ಬಂದಿಳಿಯಿತು. ಹೆಸರು ಐಎಂಪಿ, ಬಾಯಲ್ಲಿ "ಇಂಪ್". ಹನಿವೆಲ್ ಡಿಡಿಪಿ-516 ಕಂಪ್ಯೂಟರನ್ನು ತಿದ್ದಿ ತೀಡಿ ಮಾಡಿದ್ದು. ಮಾಡಿದವರು ಬೋಸ್ಟನ್ ಪಕ್ಕದ ಕೇಂಬ್ರಿಜ್‌ನಲ್ಲಿದ್ದ ಬಿಬಿಎನ್ ಕಂಪನಿಯವರು, ತಂಡದ ಯಜಮಾನ ಫ್ರಾಂಕ್ ಹಾರ್ಟ್. ಅರ್ಪಾನೆಟ್‌ನ ಮೊದಲ ಇಂಪ್ ಅದು. ಇವತ್ತಿನ ರೂಟರುಗಳ ಮುತ್ತಜ್ಜ ಅನ್ನಬಹುದು.

ಹಾರ್ಟ್ ಅವರ ತಂಡಕ್ಕೆ ಒಂದು ಚಿಂತೆ ಇತ್ತು. ಪೆಟ್ಟಿಗೆ ಇರೋದು ಕ್ಯಾಲಿಫೋರ್ನಿಯಾ, ಯೂಟಾದಲ್ಲಿ. ಅದನ್ನು ಬಲ್ಲವರು ಇರೋದು ಇನ್ನೊಂದು ಕರಾವಳಿಯಲ್ಲಿ. ಕೆಟ್ಟಾಗಲೆಲ್ಲಾ ವಿಮಾನ ಹತ್ತೋದಕ್ಕಾಗುತ್ತಾ? (ಇದನ್ನು ಓದಿದಾಗ ರಾಜಹಂಸ ಬಸ್ಸು ನೆನಪಾಯಿತು.) ಅದಕ್ಕೇ ಅವರು ಮೊದಲ ದಿನದಿಂದಲೇ ಇಂಪ್‌ಗೆ ತನ್ನನ್ನು ತಾನು ನೋಡಿಕೊಳ್ಳೋದನ್ನು ಕಲಿಸಿದರು. ಒಳಗೊಂದು ಗಡಿಯಾರ, ಕಾವಲುನಾಯಿ ಟೈಮರ್ ಅಂತ ಹೆಸರು. ಪ್ರೋಗ್ರಾಮು ಆಗಾಗ ಅದನ್ನು ತಟ್ಟಿ "ನಾನು ಬದುಕಿದ್ದೀನಿ" ಅನ್ನಬೇಕು. ತಟ್ಟೋದು ತಪ್ಪಿದರೆ ಪ್ರೋಗ್ರಾಮು ಎಲ್ಲೋ ಸಿಕ್ಕಿಹಾಕಿಕೊಂಡಿದೆ ಅಂತ ಲೆಕ್ಕ. ಆಗ ಯಂತ್ರ ತಾನಾಗೇ ಮೆಮೊರಿಯ 512 ಪದಗಳ ಒಂದು ಮೂಲೆಗೆ ಹಾರುತ್ತಿತ್ತು. ಆ ಮೂಲೆಯ ಮೇಲೆ ಯಾರೂ ಏನೂ ಬರೆಯೋ ಹಾಗಿರಲಿಲ್ಲ. ಚೇತರಿಸಿಕೊಳ್ಳೋದು ಹೇಗೆ ಅನ್ನೋದು ಅಲ್ಲಿರುತ್ತಿತ್ತು. ತನ್ನ ಪ್ರೋಗ್ರಾಮೇ ಹಾಳಾಗಿದ್ದರೆ ಪಕ್ಕದ ಇಂಪ್‌ನಿಂದ ಒಂದು ಪ್ರತಿ ಕೇಳಿ ತರಿಸಿಕೊಳ್ಳಬಹುದಿತ್ತು. ಪಕ್ಕದ ಮನೆಯಿಂದ ಹೆಪ್ಪಿಗೆ ಮೊಸರು ತಂದ ಹಾಗೆ!

ಹೀಗೆ ಘಟನೆ ಒಂದು ಕಡೆ, ಅದಕ್ಕೆ ಮೊದಲೇ ಬರೆದಿಟ್ಟ ಉತ್ತರ ಇನ್ನೊಂದು ಕಡೆ, ನಡುವೆ ಮನುಷ್ಯ ಇಲ್ಲ. ಈ ವ್ಯವಸ್ಥೆ ಮೊದಲ ಪೆಟ್ಟಿಗೆಯಲ್ಲೇ ಇತ್ತು.

ಜೊತೆಗೆ ಇನ್ನೊಂದು ವ್ಯವಸ್ಥೆ ಬೆಳೆಯಿತು. ಪ್ರತಿ ಇಂಪ್ ಸುಮಾರು ನಿಮಿಷಕ್ಕೊಂದರಂತೆ ತನ್ನ ಆರೋಗ್ಯದ ವರದಿಯನ್ನು ಬಿಬಿಎನ್‌ನ ನೆಟ್‌ವರ್ಕ್ ಕಂಟ್ರೋಲ್ ಸೆಂಟರ್‌ಗೆ ಕಳಿಸುತ್ತಿತ್ತು. ಯಾವ ಲೈನು ಎದ್ದಿದೆ, ಯಾವುದು ಬಿದ್ದಿದೆ ಎಲ್ಲವೂ ಅಲ್ಲಿಯ ಟೆಲಿಟೈಪ್ ಮೇಲೆ ಅಚ್ಚಾಗುತ್ತಿತ್ತು. 1970ರ ಕೊನೆಯಿಂದ ಅದನ್ನು ನೋಡಿಕೊಂಡವರು ಅಲೆಕ್ಸ್ ಮೆಕೆಂಜಿ. ಸಾವಿರಾರು ಮೈಲಿ ದೂರದ ಲೈನು ಕೆಟ್ಟಿದೆ ಅಂತ ಕೇಂಬ್ರಿಜ್‌ನಿಂದ ಫೋನ್ ಕಂಪನಿಗೆ ಕರೆ ಹೋದರೆ ಅವರು ಮೊದಮೊದಲು ನಂಬುತ್ತಲೇ ಇರಲಿಲ್ಲವಂತೆ. ತಮ್ಮ ಲೈನಿನ ಕಾಯಿಲೆ ತಮಗಿಂತ ಮೊದಲು ಇವರಿಗೆ ಹೇಗೆ ಗೊತ್ತಾಯಿತು ಅಂತ!

ಗಮನಿಸಿ, 1970ರಲ್ಲೇ ಎರಡು ದಾರಿ ಆಗಿಹೋಗಿವೆ. ಒಂದು, ಪೆಟ್ಟಿಗೆ ತಾನೇ ನೋಡಿ ತಾನೇ ಮಾಡೋದು. ಇನ್ನೊಂದು, ಪೆಟ್ಟಿಗೆ ವರದಿ ಕೊಟ್ಟು ದೂರದ ಮನುಷ್ಯ ನಿರ್ಧರಿಸೋದು. ನಮ್ಮ ಕೆರೆಗಳಲ್ಲೂ ಹೀಗೇ ಅಲ್ವೇ? ತೂಬು ಎತ್ತೋದಕ್ಕೆ ನೀರುಗಂಟಿ ಬೇಕು. ಕೋಡಿ ಹರಿಯೋದಕ್ಕೆ ಯಾರೂ ಬೇಡ, ನೀರು ಮಟ್ಟ ಮೀರಿದರೆ ತಾನಾಗೇ ಹರಿಯುತ್ತೆ. ಯಾವುದನ್ನು ಕೋಡಿಗೆ ಬಿಡಬೇಕು, ಯಾವುದನ್ನು ನೀರುಗಂಟಿಗೆ ಬಿಡಬೇಕು? ಮುಂದಿನ ಐವತ್ತು ವರ್ಷದ ಜಗಳವೆಲ್ಲಾ ಇದೇ.

*

ಮೊದಲ ದೊಡ್ಡ ಪಾಠ ಕಲಿಸಿದ್ದು 1980ರ ಅಕ್ಟೋಬರ್ 27. ಅವತ್ತು ಅರ್ಪಾನೆಟ್ ಇಡಿಯಾಗಿ ಹಲವು ಗಂಟೆ ಮಲಗಿತು. ಕಾರಣವನ್ನು ಬಿಬಿಎನ್‌ನ ಎರಿಕ್ ರೋಸೆನ್ 1981ರಲ್ಲಿ ಆರ್‌ಎಫ್‌ಸಿ 789 ಅನ್ನೋ ದಾಖಲೆಯಲ್ಲಿ ಬಿಡಿಸಿಟ್ಟರು. ಪತ್ತೇದಾರಿ ಕಾದಂಬರಿಯ ಹಾಗೆ ಓದಿಸಿಕೊಂಡು ಹೋಗುತ್ತೆ.

ಆಗಿನ ಇಂಪ್‌ಗಳು ತಮ್ಮ ಲೈನುಗಳ ಸ್ಥಿತಿಯನ್ನು ಒಂದಕ್ಕೊಂದು ಹೇಳಿಕೊಳ್ಳುತ್ತಿದ್ದವು. ಯಾವ ಸುದ್ದಿ ಹೊಸದು, ಯಾವುದು ಹಳೆಯದು ಅಂತ ತಿಳಿಯೋದಕ್ಕೆ ಪ್ರತಿ ಸುದ್ದಿಗೂ 0ಯಿಂದ 63ರ ತನಕ ಒಂದು ಕ್ರಮಸಂಖ್ಯೆ. 63 ಆದಮೇಲೆ ಮತ್ತೆ 0, ಗಡಿಯಾರದ ಮುಳ್ಳಿನ ಹಾಗೆ. ಮುಂದಿನ ಅರ್ಧ ಸುತ್ತಿನೊಳಗೆ ಬರೋ ಸಂಖ್ಯೆ ಹೊಸದು ಅನ್ನೋದು ನಿಯಮ. ಅವತ್ತು 50ನೇ ನಂಬರಿನ ಇಂಪ್ ಹೊರಡಿಸಿದ ಸುದ್ದಿ, ಹಾರ್ಡ್‌ವೇರ್ ಕೆಟ್ಟಿದ್ದ 29ನೇ ಇಂಪ್‌ನ ಕೈಗೆ ಸಿಕ್ಕಿ ಅದರ ಬಿಟ್‌ಗಳು ಉದುರಿಹೋದವು. 44 ಇದ್ದ ಸಂಖ್ಯೆ ಒಂದು ಬಿಟ್ ಉದುರಿ 40 ಆಯಿತು, ಇನ್ನೊಂದು ಉದುರಿ 8 ಆಯಿತು. ಈಗ ಲೆಕ್ಕ ಹಾಕಿ ನೋಡಿ. 8ಕ್ಕಿಂತ 40 ಹೊಸದು. 40ಕ್ಕಿಂತ 44 ಹೊಸದು. 44 ಆದಮೇಲೆ ಸುತ್ತಿ ಬಂದರೆ 8 ಹೊಸದು! ಮೂರೂ ಒಂದಕ್ಕಿಂತ ಒಂದು ಹೊಸವು. ಪ್ರತಿ ಇಂಪ್ ನಿಯಮ ಪಾಲಿಸಿ "ಓಹೋ ಹೊಸ ಸುದ್ದಿ" ಅಂತ ಪಕ್ಕದವರಿಗೆಲ್ಲಾ ಹಂಚಿತು. ಅವರು ಮತ್ತೆ ಇವರಿಗೆ ಹಂಚಿದರು. ಇಡೀ ದೇಶದ ಇಂಪ್‌ಗಳಿಗೆ ಇದೇ ಕೆಲಸವಾಗಿ, ಬೇರೆ ಏನನ್ನೂ ನೋಡೋದಕ್ಕೆ ಪುರುಸೊತ್ತೇ ಇಲ್ಲದಾಯಿತು.

ಒಂದೊಂದನ್ನೇ ಆರಿಸಿ ಹಚ್ಚಿದರೂ ಪ್ರಯೋಜನವಿಲ್ಲ. ಎದ್ದ ತಕ್ಷಣ ಪಕ್ಕದ ಇಂಪ್ ಅದೇ ಕಾಯಿಲೆಯನ್ನು ಮತ್ತೆ ಅಂಟಿಸುತ್ತಿತ್ತು. ಕಡೆಗೆ ಕಂಟ್ರೋಲ್ ಸೆಂಟರಿನ ಮನುಷ್ಯರೇ ಕೂತು "50ನೇ ಇಂಪ್‌ನಿಂದ ಬಂದ ಸುದ್ದಿಯನ್ನು ಕಿವಿಗೆ ಹಾಕಿಕೊಳ್ಳಬೇಡಿ" ಅನ್ನೋ ತೇಪೆಯನ್ನು ಇಂಪ್‌ಗಳಿಗೆಲ್ಲಾ ಹಾಕಬೇಕಾಯಿತು.

ಇಲ್ಲಿ ಯಾವ ಇಂಪೂ ನಿಯಮ ಮೀರಲಿಲ್ಲ. ಎಲ್ಲವೂ ಚಾಚೂ ತಪ್ಪದೆ ನಿಯಮ ಪಾಲಿಸಿದ್ದರಿಂದಲೇ ಊರು ಮುಳುಗಿತು. ಲೈನಿನ ಮೇಲೆ ಹೋಗೋ ಸುದ್ದಿಗೆ ತಪ್ಪು ಹಿಡಿಯೋ ಪರೀಕ್ಷೆ ಇತ್ತು, ಮೆಮೊರಿಯಲ್ಲಿ ಕೂತಿರೋ ಸುದ್ದಿಗೆ ಇರಲಿಲ್ಲ. ನಿಯಮ ಬರೆದವರು ಆ ಒಂದು ಮೂಲೆಯನ್ನು ನೋಡಿರಲಿಲ್ಲ, ಅಷ್ಟೇ.

*

80ರ ದಶಕದಲ್ಲಿ ಇಂಪ್‌ಗಳು ಹೋಗಿ ಬೇರೆ ಬೇರೆ ಕಂಪನಿಗಳ ರೂಟರುಗಳು ಬಂದವು. ಒಬ್ಬರ ಪೆಟ್ಟಿಗೆಯ ಭಾಷೆ ಇನ್ನೊಬ್ಬರಿಗೆ ತಿಳಿಯದು. ನೋಡೋದಕ್ಕಾದರೂ ಒಂದು ಸಾಮಾನ್ಯ ಭಾಷೆ ಬೇಕು ಅಂತ ಜೆಫ್ರಿ ಕೇಸ್, ಮಾರ್ಕ್ ಫೆಡರ್, ಮಾರ್ಟಿನ್ ಸ್ಕಾಫ್‌ಸ್ಟಾಲ್, ಜೇಮ್ಸ್ ಡೇವಿನ್ ಸೇರಿ 1987ರಲ್ಲಿ ಒಂದು ಪ್ರೋಟೋಕಾಲ್ ಬರೆದರು. 1988ರ ಆಗಸ್ಟ್‌ನಲ್ಲಿ ಅದು ಎಸ್‌ಎನ್‌ಎಂಪಿ ಆಯಿತು. ಹೆಸರಿನಲ್ಲೇ "ಸಿಂಪಲ್" ಇದೆ. ಸಾಮಾನ್ಯವಾಗಿ ಮೇಲಧಿಕಾರಿ ಕಂಪ್ಯೂಟರು ಪ್ರಶ್ನೆ ಕೇಳುತ್ತೆ, ರೂಟರು ಉತ್ತರ ಕೊಡುತ್ತೆ. ತುರ್ತು ಸಂಗತಿಗಳನ್ನು ಮಾತ್ರ ರೂಟರ್ ತಾನಾಗೇ ಕೂಗಿ ಹೇಳುತ್ತೆ: ಲೈನು ಬಿತ್ತು, ಲೈನು ಎದ್ದಿತು, ನಾನು ಈಗ ತಾನೇ ಬೂಟ್ ಆದೆ. ಈ ಕೂಗಿಗೆ ಟ್ರ್ಯಾಪ್ ಅಂತ ಹೆಸರು. ಬರ್ಕ್ಲಿಯಲ್ಲಿ ಎರಿಕ್ ಆಲ್ಮನ್ ಸೆಂಡ್‌ಮೇಲ್ ಜೊತೆಗೆ ಮಾಡಿದ್ದ ಸಿಸ್‌ಲಾಗ್ ಕೂಡ ರೂಟರುಗಳಿಗೆ ಬಂತು, 0ಯಿಂದ 7ರ ತನಕ ಗಂಡಾಂತರದ ಮಟ್ಟ ಹಾಕಿಕೊಂಡು.

ತಮಾಷೆ ಏನು ಗೊತ್ತಾ? ಟ್ರ್ಯಾಪ್ ಅನ್ನೋದು ಸಾದಾ ಅಂಚೆಯ ಹಾಗೆ, ತಲುಪಿತೋ ಇಲ್ಲವೋ ಕಳಿಸಿದವರಿಗೆ ಗೊತ್ತಾಗೋದಿಲ್ಲ. (ತಲುಪಿದ್ದಕ್ಕೆ ಉತ್ತರ ಬರೋ ರಿಜಿಸ್ಟರ್ಡ್ ಅಂಚೆಯಂಥದ್ದು ಬಂದಿದ್ದು 1993ರ ಎರಡನೇ ಆವೃತ್ತಿಯಲ್ಲಿ.) ಅಲ್ಲದೆ ಇರೋ ಒಂದೇ ಲೈನು ಬಿದ್ದರೆ "ಲೈನು ಬಿತ್ತು" ಅನ್ನೋ ಸುದ್ದಿ ಯಾವ ಲೈನಿನಲ್ಲಿ ಹೋಗಬೇಕು? ನೈಟ್ ಶಿಫ್ಟಿನಲ್ಲಿ ಇದನ್ನು ನಾವು ದಿನಾ ಅನುಭವಿಸ್ತಿದ್ವಿ. ಲೈನು ಎದ್ದಮೇಲೆ "ಎದ್ದಿತು" ಅನ್ನೋ ಸುದ್ದಿ ಮಾತ್ರ ಬರುತ್ತಿತ್ತು. ಬಿದ್ದಿದ್ದೇ ಗೊತ್ತಿಲ್ಲ!

1991ರ ನವೆಂಬರ್‌ನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಟೀವ್ ವಾಲ್ಡ್‌ಬಸರ್ ಬರೆದ ಆರ್‌ಮಾನ್ ಪ್ರಕಟವಾಯಿತು. ಅದರಲ್ಲೊಂದು ಚೆಂದದ ಉಪಾಯವಿದೆ. ಎಚ್ಚರಿಕೆಗೆ ಒಂದಲ್ಲ, ಎರಡು ಮಟ್ಟ. ಮೇಲಿನ ಮಟ್ಟ ಮುಟ್ಟಿದರೆ ಒಂದು ಸಲ ಕೂಗು. ಆಮೇಲೆ ಕೆಳಗಿನ ಮಟ್ಟಕ್ಕೆ ಇಳಿಯೋ ತನಕ ಮತ್ತೆ ಕೂಗಬೇಡ. ಇಲ್ಲದಿದ್ದರೆ ಅಂಚಿನಲ್ಲೇ ತುಳುಕೋ ನೀರಿಗೆ ನಿಮಿಷಕ್ಕೆ ಹತ್ತು ಸಲ ಡಂಗುರ ಹೊಡೆದ ಹಾಗಾಗುತ್ತೆ.

ಇವೆಲ್ಲಾ ನೋಡೋದಕ್ಕೆ. ಮಾಡೋದಕ್ಕೆ? ಮಾಡೋದಕ್ಕೆ ನಾವೇ. ಲಾಗಿನ್ ಆಗಿ ಕಮಾಂಡ್ ಹೊಡೀಬೇಕು. ಬರ್ಕ್ಲಿಯಲ್ಲಿ ಜಾನ್ ಔಸ್ಟರ್‌ಹೌಟ್ 1988ರಲ್ಲಿ ಟಿಕಲ್ ಅನ್ನೋ ಪುಟ್ಟ ಭಾಷೆ ಮಾಡಿದ್ದರು. ಅದರ ಮೇಲೆ ಡಾನ್ ಲಿಬ್ಸ್ 1990ರಲ್ಲಿ ಎಕ್ಸ್‌ಪೆಕ್ಟ್ ಅನ್ನೋ ಸಾಧನ ಮಾಡಿದರು. ಪಾಸ್‌ವರ್ಡ್ ಕೇಳಿದರೆ ಇದು ಕೊಡು, ಈ ಸಾಲು ಬಂದರೆ ಆ ಕಮಾಂಡ್ ಹೊಡಿ ಅಂತ ಬರೆದಿಟ್ಟರೆ ಮನುಷ್ಯನ ಹಾಗೇ ಕೂತು ಟೈಪ್ ಮಾಡುತ್ತೆ. ಎಷ್ಟೋ ನೆಟ್‌ವರ್ಕ್‌ಗಳು ಇಂಥ ಸ್ಕ್ರಿಪ್ಟುಗಳ ಮೇಲೇ ನಡೆದವು. ಆದರೆ ನಿರ್ಧಾರ ಇನ್ನೂ ದೂರದ ಕಂಪ್ಯೂಟರಿನಲ್ಲೇ. ಲೈನು ಸತ್ತರೆ ಸ್ಕ್ರಿಪ್ಟಿನ ಕೈಯೂ ಅಲ್ಲಿಗೆ ತಲುಪದು.

*

ಅಷ್ಟರಲ್ಲಿ ಇಂಟರ್ನೆಟ್ಟಿನ ದೊಡ್ಡ ದಾರಿಗಳಲ್ಲಿ ಬೇರೆ ತಲೆನೋವು ಶುರುವಾಗಿತ್ತು. ಎಲ್ಲೋ ಒಂದು ಮೂಲೆಯಲ್ಲಿ ಲೈನು ಬಿದ್ದು ಎದ್ದು ಮಾಡಿದರೆ ಬಿಜಿಪಿ ಅನ್ನೋ ಪ್ರೋಟೋಕಾಲ್ ಮೂಲಕ ಆ ಸುದ್ದಿ ಜಗತ್ತಿನ ರೂಟರುಗಳಿಗೆಲ್ಲಾ ಹೋಗುತ್ತೆ. ಆಗಿನ ರೂಟರುಗಳ ಪ್ರೊಸೆಸರ್ ಬಡಪಾಯಿ, ಸುಸ್ತಾಗಿ ಬೀಳುತ್ತಿದ್ದವು. ಇದಕ್ಕೆ ಮದ್ದಾಗಿ ಬಂದಿದ್ದು ರೂಟ್ ಫ್ಲ್ಯಾಪ್ ಡ್ಯಾಂಪಿಂಗ್. ವಿಲ್ಲಾಮಿಜರ್, ಚಂದ್ರ, ಗೋವಿಂದನ್ ಬರೆದ ಆರ್‌ಎಫ್‌ಸಿ 2439, 1998ರ ನವೆಂಬರ್. ಒಂದು ದಾರಿ ಬಿದ್ದಾಗಲೆಲ್ಲಾ ಅದಕ್ಕೆ ದಂಡ. ಸಿಸ್ಕೋ ರೂಟರುಗಳಲ್ಲಿ ಒಂದು ಸಲಕ್ಕೆ 1000 ಅಂಕ. 2000 ದಾಟಿದರೆ ಆ ದಾರಿಯನ್ನೇ ಬಹಿಷ್ಕಾರ ಹಾಕು. ದಂಡ 15 ನಿಮಿಷಕ್ಕೆ ಅರ್ಧದಷ್ಟು ಕರಗುತ್ತಾ ಬಂದು 750ಕ್ಕೆ ಇಳಿದಮೇಲೆ ಮತ್ತೆ ಒಳಗೆ ಕರೆದುಕೋ. ನಾನು ಹುಬ್ಬಳ್ಳಿ ರೂಟರ್‌ಗೆ ಹೇಳಿಕೊಟ್ಟಿದ್ದೂ ಹೆಚ್ಚುಕಮ್ಮಿ ಇದೇ ಅಲ್ವೇ? ಒಂದೇ ವ್ಯತ್ಯಾಸ, ಇವರ ನಿಯಮದಲ್ಲಿ ಮತ್ತೆ ಒಳಗೆ ಕರೆಯೋದಿತ್ತು. ನನ್ನದರಲ್ಲಿ ಇರಲಿಲ್ಲ.

ಆದರೂ ಇದೂ ಎಡವಿತು. 2002ರಲ್ಲಿ ಮಾವೋ, ಗೋವಿಂದನ್, ವರ್ಗೀಸ್, ಕಾಟ್ಜ್ ಒಂದು ಸಂಶೋಧನೆ ಪ್ರಕಟಿಸಿದರು. (ಗೋವಿಂದನ್ ಅದೇ ಗೋವಿಂದನ್, ನಿಯಮ ಬರೆದವರಲ್ಲಿ ಒಬ್ಬರು. ತಮ್ಮದೇ ನಿಯಮದ ತಪ್ಪನ್ನು ತೋರಿಸಿಕೊಡೋ ಈ ಗುಣಕ್ಕೆ ನನ್ನದೊಂದು ನಮಸ್ಕಾರ.) ಅವರು ಕಂಡಿದ್ದು ಇದು: ಒಂದು ದಾರಿ ಒಂದೇ ಒಂದು ಸಲ ಬಿದ್ದು ಎದ್ದರೂ, ದೂರದ ರೂಟರುಗಳು ಅದಕ್ಕೆ ಬದಲಿ ದಾರಿ ಹುಡುಕುತ್ತಾ ಆ ದಾರಿ, ಈ ದಾರಿ ಅಂತ ಮೇಲಿಂದ ಮೇಲೆ ಸುದ್ದಿ ಹೊರಡಿಸುತ್ತವೆ. ಇನ್ನೂ ದೂರದಲ್ಲಿರೋ ರೂಟರಿಗೆ ಅದು ಹಲವು ಸಲ ಬಿದ್ದು ಎದ್ದ ಹಾಗೆ ಕಾಣುತ್ತೆ. ಹಾಕು ದಂಡ, ಹಾಕು ಬಹಿಷ್ಕಾರ! ಒಂದು ಸಲ ಎಡವಿದವನಿಗೆ ಒಂದು ಗಂಟೆಯ ತನಕ ಊರಿನಿಂದ ಹೊರಗೆ ಇರೋ ಶಿಕ್ಷೆ.

2006ರ ಮೇನಲ್ಲಿ ಯುರೋಪಿನ ರೈಪ್ ಸಮುದಾಯ ಇದನ್ನು ಬಳಸಬೇಡಿ ಅಂತಲೇ ಶಿಫಾರಸು ಮಾಡಿತು. 2013ರಲ್ಲಿ ಮತ್ತೆ ಕೂತು ಲೆಕ್ಕ ಹಾಕಿ, ಬಹಿಷ್ಕಾರದ ಮಟ್ಟವನ್ನು ಕನಿಷ್ಠ 6000ಕ್ಕೆ ಏರಿಸಿದರೆ ಬಳಸಬಹುದು ಅಂದರು. ಮದ್ದಿನಲ್ಲಿ ದೋಷ ಇರಲಿಲ್ಲ, ಪ್ರಮಾಣ ತಪ್ಪಿತ್ತು. ಅದು ಗೊತ್ತಾಗೋದಕ್ಕೆ ಹದಿನೈದು ವರ್ಷ ಬೇಕಾಯಿತು.

*

ಈಗ ನನ್ನ ಕಥೆಯ ಆ ಆರೇಳು ಸಾಲಿಗೆ ಬರೋಣ. ಅವು ಓಡಿದ್ದು ಸಿಸ್ಕೋ ರೂಟರಿನ ಎಂಬೆಡೆಡ್ ಈವೆಂಟ್ ಮ್ಯಾನೇಜರ್ ಮೇಲೆ. ನಾವು ಇಇಎಂ ಅಂತಿದ್ವಿ. ಇದು ಬಂದಿದ್ದು 2003ರ ಸುಮಾರಿಗೆ. ಇದರ ಯೋಚನೆ ಹೊಸದೇನಲ್ಲ. ಘಟನೆ, ಷರತ್ತು, ಕ್ರಿಯೆ ಅನ್ನೋ ಮೂರು ತುಂಡಿನ ನಿಯಮದ ಬಗ್ಗೆ ಡೇಟಾಬೇಸ್ ಸಂಶೋಧಕರು 80ರ ದಶಕದ ಕೊನೆಯಲ್ಲೇ ಬರೆದಿದ್ದರು. ಹೊಸದೇನು ಅಂದರೆ, ಆ ನಿಯಮವನ್ನು ನನ್ನಂಥ ಸಾಮಾನ್ಯ ನೈಟ್ ಶಿಫ್ಟ್ ಇಂಜಿನಿಯರ್ ಕೂಡ ರೂಟರಿನ ಹೊಟ್ಟೆಯೊಳಗೇ ಬರೆದಿಡಬಹುದಾಗಿದ್ದು. 1969ರ ಇಂಪ್‌ನ ಕಾವಲುನಾಯಿಗೆ ಏನು ಮಾಡಬೇಕು ಅಂತ ಹೇಳಿದ್ದು ಅದನ್ನು ಕಟ್ಟಿದವರು. ಈಗ ಆ ಅಧಿಕಾರ ಬಳಸೋರ ಕೈಗೆ ಬಂತು.

ಅದರೊಳಗೆ ಮೂರು ಭಾಗ. ಒಂದು, ಕಾವಲುಗಾರರು: ಒಬ್ಬ ಸಿಸ್‌ಲಾಗ್ ಸಾಲುಗಳನ್ನು ಓದ್ತಾನೆ, ಒಬ್ಬ ಎಸ್‌ಎನ್‌ಎಂಪಿ ಅಂಕಿಗಳನ್ನು ನೋಡ್ತಾನೆ, ಒಬ್ಬ ಗಡಿಯಾರ ನೋಡ್ತಾನೆ, ಒಬ್ಬ ಯಾರಾದರೂ ಟೈಪ್ ಮಾಡೋ ಕಮಾಂಡನ್ನೇ ಗಮನಿಸ್ತಾನೆ, ಇನ್ನೊಬ್ಬ ಕಾರ್ಡು ತೆಗೆದರೋ ಹಾಕಿದರೋ ನೋಡ್ತಾನೆ. ಎರಡು, ಅವರ ಮಾತು ಕೇಳಿಸಿಕೊಂಡು ಯಾರನ್ನು ಎಬ್ಬಿಸಬೇಕು ಅಂತ ತೀರ್ಮಾನಿಸೋ ಸರ್ವರ್. ಮೂರು, ಪಾಲಿಸಿಗಳು, ಅಂದರೆ ನಾವು ಬರೆದಿಟ್ಟ ಉತ್ತರಗಳು. ಸಣ್ಣದಕ್ಕೆ ಆಪ್ಲೆಟ್, ದೊಡ್ಡದಕ್ಕೆ ಅದೇ ನಮ್ಮ ಬರ್ಕ್ಲಿಯ ಟಿಕಲ್. ಒಂದು ಪಾಲಿಸಿ ಓಡೋದಕ್ಕೆ ಮಾಮೂಲಾಗಿ 20 ಸೆಕೆಂಡ್ ಗಡುವು, ಮೀರಿದರೆ ನಿಲ್ಲಿಸಿಬಿಡುತ್ತೆ. ಕಾವಲುಗಾರನಿಗೂ ಒಬ್ಬ ಕಾವಲುಗಾರ! ಜುನಿಪರ್ ರೂಟರುಗಳಲ್ಲೂ ಇಂಥದ್ದೇ ಈವೆಂಟ್ ಪಾಲಿಸಿಗಳು ಬಂದವು.

ಎಷ್ಟು ಉಪಯೋಗ ಆಗ್ತಿತ್ತು ಅಂತೀರಿ! ರಾತ್ರಿ ಮೂರು ಗಂಟೆಗೆ ಎರಡೇ ನಿಮಿಷ ಸಿಪಿಯು ಏರಿ ಇಳಿಯೋ ರೂಟರನ್ನು ಹಿಡಿಯೋದು ಹೇಗೆ? ನಾವು ಲಾಗಿನ್ ಆಗೋ ಹೊತ್ತಿಗೆ ಎಲ್ಲಾ ತಣ್ಣಗಾಗಿರುತ್ತೆ. ಇಇಎಂ ಆದರೆ ಏರಿದ ಕ್ಷಣದಲ್ಲೇ ಬೇಕಾದ ಕಮಾಂಡುಗಳನ್ನು ಓಡಿಸಿ, ಉತ್ತರವನ್ನು ಫ್ಲ್ಯಾಶ್‌ನಲ್ಲಿ ಬರೆದಿಟ್ಟು, ನಮಗೆ ಮೇಲ್ ಕಳಿಸುತ್ತಿತ್ತು. ವಾರಗಟ್ಟಲೆ ಕಾಡಿದ ಎಷ್ಟೋ ದೆವ್ವಗಳನ್ನು ಹೀಗೇ ಹಿಡಿದಿದ್ದೀವಿ. ಗಮನಿಸಿ, ಇಲ್ಲಿ ರೂಟರ್ ಏನನ್ನೂ ಬದಲಾಯಿಸ್ತಾ ಇಲ್ಲ, ಸಾಕ್ಷಿ ಬರೆದಿಡ್ತಾ ಇದೆ ಅಷ್ಟೇ. ತಪ್ಪಾದರೆ ಒಂದು ಫೈಲ್ ಹೆಚ್ಚಾಗುತ್ತೆ. ನಾನು ಕೆಟ್ಟಿದ್ದು ಬಾಗಿಲು ಮುಚ್ಚೋ ಅಧಿಕಾರ ಕೊಟ್ಟಾಗ.

ಆಗಿನ ಆಪ್ಲೆಟ್‌ನಲ್ಲಿ "ಹೀಗಿದ್ದರೆ ಹಾಗೆ, ಇಲ್ಲದಿದ್ದರೆ ಹೀಗೆ" ಅಂತ ಬರೆಯೋ ಸೌಕರ್ಯವೂ ಇರಲಿಲ್ಲ. ಅದು ಬಂದಿದ್ದು 2008ರ ಹೊತ್ತಿಗೆ, ಮೂರನೇ ಆವೃತ್ತಿಯಲ್ಲಿ. ಅಲ್ಲಿಯ ತನಕ ಷರತ್ತು ಬೇಕು ಅಂದರೆ ಟಿಕಲ್ ಕಲೀಬೇಕಿತ್ತು. ಸೋಮಾರಿ ನಾನು, ಕಲಿತಿರಲಿಲ್ಲ. ಹಾಗಾಗಿ ನನ್ನ ನಿಯಮದಲ್ಲಿ ಘಟನೆ ಇತ್ತು, ಕ್ರಿಯೆ ಇತ್ತು, ನಡುವಿನ ಷರತ್ತು ಇರಲಿಲ್ಲ. "ಐಎಸ್‌ಡಿಎನ್ ಬದುಕಿದೆಯಾ ನೋಡು" ಅನ್ನೋ ಒಂದು ಮಾತು. ಅದಿಲ್ಲದೆ ಹನ್ನೊಂದು ಲಾರಿ.

*

ಇದೆಲ್ಲಾ ಹಳೇ ಕಾಲದ ಮಾತು, ಈಗ ದೊಡ್ಡ ದೊಡ್ಡವರು ಇಂಥ ತಪ್ಪು ಮಾಡೋಲ್ಲ ಅಂದುಕೊಂಡಿದ್ದೆ. 2021ರ ಅಕ್ಟೋಬರ್ 4 ಬಂತು. ಫೇಸ್‌ಬುಕ್, ವಾಟ್ಸಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ಮಾಯ. ಮರುದಿನ ಅವರೇ ಕಾರಣ ಬರೆದರು. ಬೆನ್ನೆಲುಬಿನ ಲೈನುಗಳಲ್ಲಿ ಎಷ್ಟು ಸಾಮರ್ಥ್ಯ ಖಾಲಿ ಇದೆ ಅಂತ ಅಳೆಯೋದಕ್ಕೆ ಒಂದು ಕಮಾಂಡ್ ಕೊಟ್ಟರು, ಅದು ಇಡೀ ಬೆನ್ನೆಲುಬನ್ನೇ ಕಡಿದುಹಾಕಿತು. ತಪ್ಪು ಕಮಾಂಡನ್ನು ತಡೆಯಬೇಕಾಗಿದ್ದ ತಪಾಸಣೆಯ ಸಾಧನದಲ್ಲೇ ಬಗ್ ಇತ್ತು.

ನನ್ನ ಮೈ ಜುಂ ಅಂದಿದ್ದು ಅದರ ಮುಂದಿನ ಭಾಗ ಓದಿದಾಗ. ಅವರ ಡಿಎನ್‌ಎಸ್ ಸರ್ವರುಗಳಿಗೆ ಒಂದು ಪಾಲಿಸಿ ಇತ್ತು: "ಡೇಟಾಸೆಂಟರ್ ಜೊತೆ ಮಾತಾಡೋದಕ್ಕೆ ಆಗದಿದ್ದರೆ ನನಗೇ ಹುಷಾರಿಲ್ಲ ಅಂತ ತಿಳಿದು, ಬಿಜಿಪಿಯಲ್ಲಿ ನನ್ನ ದಾರಿಯ ಘೋಷಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು." ಒಂದು ಸರ್ವರಿಗೆ ಹುಷಾರಿಲ್ಲದಾಗ ಇದು ಎಷ್ಟು ಒಳ್ಳೆ ನಿಯಮ! ಜನ ಪಕ್ಕದ ಆರೋಗ್ಯವಂತ ಸರ್ವರಿಗೆ ಹೋಗ್ತಾರೆ. ಆದರೆ ಅವತ್ತು ಬೆನ್ನೆಲುಬೇ ಇಲ್ಲ. ಪ್ರತಿಯೊಂದು ಸರ್ವರೂ "ನನಗೆ ಹುಷಾರಿಲ್ಲ" ಅಂದುಕೊಂಡು ಒಟ್ಟಿಗೇ ಬಾಗಿಲು ಹಾಕಿಕೊಂಡವು. ಪಕ್ಕದವರೂ ಬಾಗಿಲು ಹಾಕಿದ್ದಾರಾ ಅಂತ ನೋಡೋ ಕಣ್ಣು ಯಾವುದಕ್ಕೂ ಇರಲಿಲ್ಲ. ರಿಪೇರಿ ಮಾಡೋ ಇಂಜಿನಿಯರುಗಳಿಗೆ ದೂರದಿಂದ ಒಳಗೆ ಹೋಗೋ ದಾರಿಯೂ ಅದೇ ನೆಟ್‌ವರ್ಕಿನ ಮೇಲಿತ್ತು. ಕಡೆಗೆ ಜನರನ್ನು ಡೇಟಾಸೆಂಟರಿಗೇ ಕಳಿಸಬೇಕಾಯಿತು. ಅಲ್ಲಿಯ ಭದ್ರತೆ ಎಷ್ಟು ಬಿಗಿ ಅಂದರೆ ಒಳಗೆ ಹೋಗಿ ಕೆಲಸ ಶುರು ಮಾಡೋದಕ್ಕೇ ಹೊತ್ತು ಹಿಡಿಯಿತಂತೆ.

ಅವರ ರಾಜಹಂಸ ಬಸ್ಸು ಅದು!

*

1969ರಿಂದ ಇಲ್ಲಿಯ ತನಕ ಓದಿದ್ದರಲ್ಲಿ ನನಗೆ ಒಂದು ವಿಷಯ ಮಾತ್ರ ಗಟ್ಟಿಯಾಗಿ ಕೂತಿದೆ. ಯಂತ್ರಕ್ಕೆ ನೋಡೋದನ್ನು ಕಲಿಸೋದು ಅಷ್ಟು ಕಷ್ಟವಲ್ಲ, 1970ರಲ್ಲೇ ಕಲಿಸಿಯಾಗಿತ್ತು. ಮಾಡೋದನ್ನು ಕಲಿಸೋದೂ ಈಗ ಸುಲಭ. ಕಷ್ಟ ಇರೋದು, ತನ್ನ ಕಿಟಕಿಯಿಂದ ಕಾಣೋದಷ್ಟೇ ಜಗತ್ತಲ್ಲ ಅನ್ನೋದನ್ನು ಕಲಿಸೋದರಲ್ಲಿ. 1980ರ ಇಂಪ್, 1998ರ ಡ್ಯಾಂಪಿಂಗ್, 2007ರ ನನ್ನ ಆಪ್ಲೆಟ್, 2021ರ ಡಿಎನ್‌ಎಸ್, ಎಲ್ಲವೂ ತಮಗೆ ಕಂಡಿದ್ದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟವು. ಕಾಣದಿದ್ದ ಕಡೆ ಬೇಲಿಯೇ ಎದ್ದು ಹೊಲ ಮೇಯಿತು.

ಹುಬ್ಬಳ್ಳಿಯಿಂದ ವಾಪಸ್ ಬಂದ ವಾರವೇ ಟಿಕಲ್ ಕಲಿತು ಆ ಪಾಲಿಸಿಯನ್ನು ಮತ್ತೆ ಬರೆದೆ. ಬದಲಿ ಲೈನು ಬದುಕಿದೆ ಅಂತ ಖಾತ್ರಿಯಾದರೆ ಮಾತ್ರ ಬಾಗಿಲು ಮುಚ್ಚು. ಅರ್ಧ ಗಂಟೆಗೆ ಸರಿಯಾಗಿ ನೀನೇ ಮತ್ತೆ ತೆರೆದು ನೋಡು. ಒಂದು ರಾತ್ರಿಯಲ್ಲಿ ಮೂರು ಸಲಕ್ಕಿಂತ ಹೆಚ್ಚು ಮುಚ್ಚಬೇಡ, ಆಮೇಲೆ ಮನುಷ್ಯನನ್ನು ಎಬ್ಬಿಸು. ಏನು ಮಾಡಿದರೂ ಮೆಮೊರಿಗೆ ಬರೀಬೇಡ, ವಾಚ್‌ಮನ್ ಆರಿಸಿ ಹಚ್ಚಿದರೆ ಎಲ್ಲಾ ಮೊದಲಿನ ಹಾಗೆ ಆಗಲಿ. ಮೊದಲು ಏಳು ಸಾಲಿದ್ದಿದ್ದು ಎಂಬತ್ತು ಸಾಲಾಯಿತು. ಅದರಲ್ಲಿ ಎಪ್ಪತ್ತು ಸಾಲು "ಯಾವಾಗ ಸುಮ್ಮನಿರಬೇಕು" ಅನ್ನೋದಕ್ಕೇ. ಮೋಡೆಮ್ಮಿನ ಫೋನ್ ಲೈನನ್ನೂ ವಾಪಸ್ ಹಾಕಿಸಿಕೊಟ್ಟರು. ಅದಕ್ಕೆ ನಾನು ಮೂರು ಮೀಟಿಂಗ್ ಕೂರಬೇಕಾಯಿತು, ಅದು ಬೇರೆ ಕಥೆ.

ಮುಂದಿನ ಮಳೆಗಾಲ ಅದೇ ಲೈನು ಮತ್ತೆ ಕುಣಿಯಿತು. ರೂಟರ್ ಎರಡು ಸಲ ಮುಚ್ಚಿತು, ಎರಡು ಸಲ ತಾನೇ ತೆರೆಯಿತು. ಬೆಳಿಗ್ಗೆ ಎದ್ದು ಮೇಲ್ ನೋಡಿದಾಗಲೇ ನನಗೆ ಗೊತ್ತಾಗಿದ್ದು. ವಾಚ್‌ಮನ್‌ಗೆ ಫೋನ್ ಮಾಡಿ ರಾತ್ರಿ ಏನಾದರೂ ತೊಂದರೆ ಆಯ್ತೇನಪ್ಪಾ ಅಂತ ಕೇಳಿದೆ. "ಇಲ್ರೀ ಸರ, ಎಲ್ಲಾ ಗಾಡಿ ಹೋದ್ವು, ನಾ ಆರಾಮ ಮಕ್ಕೊಂಡಿದ್ದೆ" ಅಂದ.

ಡೈರಿಯನ್ನು ಮತ್ತೆ ಅಟ್ಟಕ್ಕೆ ಹಾಕಲಿಲ್ಲ, ಮೇಜಿನ ಮೇಲೇ ಇಟ್ಟುಕೊಂಡಿದ್ದೀನಿ. ಟಿಕೆಟ್ಟೂ ಅದರಲ್ಲೇ ಇದೆ.